ಹನ್ನೊಂದನೇ ತಟ್ಟೆ

ಹೆಸರು: ಎಲಾದಿಯೊ ಕಾವಿಚ್ ತುನ್. ತಂದೆ: ದಿವಂಗತ ಸಿಪ್ರಿಯಾನೊ ಕಾವಿಚ್. ವಯಸ್ಸು: 51 ವರ್ಷ. ಉದ್ಯೋಗ: ಪ್ರವಾಸಿ ಮಾರ್ಗದರ್ಶಿ, ವ್ಯಾನ್ ಓಡಿಸುವವನೂ ನಾನೇ. ವಾಸ: ವಲ್ಯದೋಲಿದ್ ಪಟ್ಟಣ, ಹಳೇ ಸೆಣಬಿನ ಗೋದಾಮಿನ ಹಿಂದಿನ ಬೀದಿ, ಯುಕತಾನ್.

ಠಾಣೆಯವರು ಕೇಳಿದ್ದಕ್ಕೂ, ಕೇಳದೆ ಬಿಟ್ಟಿದ್ದಕ್ಕೂ ಸೇರಿಸಿ ಈ ಮೂಲಕ ನಾನು ಹೇಳಿ ಬರೆಸುವುದೇನೆಂದರೆ:

ನಿನ್ನೆ, ನವೆಂಬರ್ 1ರಂದು, ನನ್ನ ವ್ಯಾನಿನಲ್ಲಿ ಹನ್ನೊಂದು ಮಂದಿ ಪ್ರವಾಸಿಗರನ್ನು ಕರೆದುಕೊಂಡು ಹೋಗಿ ಹತ್ತು ಮಂದಿಯನ್ನು ವಾಪಸು ತಂದಿದ್ದೇನೆ. ಬಿಟ್ಟು ಬಂದವರ ಹೆಸರು ಒತಿಲಿಯಾ ಬರಾಹಾಸ್ ಲೂನಾ, 64 ವರ್ಷ, ತೊಲೂಕಾ ಊರಿನವರು, ಒಬ್ಬರೇ ಬಂದಿದ್ದರು. ನಾನು ಅವರನ್ನು ನೀರುಪಾಲು ಮಾಡಿದ್ದೇನೆ ಎಂದು ಅದೇ ವ್ಯಾನಿನಲ್ಲಿದ್ದ ಶ್ರೀ ಸಾಂತಿಲ್ಯಾನ್ ಎಂಬವರು ದೂರು ಕೊಟ್ಟಿದ್ದಾರೆ. ನನ್ನ ಪರವಾನಗಿ ಕಾರ್ಡು ನಿನ್ನೆ ಸಂಜೆಯಿಂದ ಈ ಮೇಜಿನ ಮೇಲೆಯೇ ಬಿದ್ದಿದೆ. ಹತ್ತೊಂಬತ್ತು ವರ್ಷದಿಂದ ನನ್ನ ಮನೆಯ ಒಲೆ ಆ ಕಾರ್ಡಿನಿಂದಲೇ ಉರಿಯುತ್ತಿದೆ. ಆದರೂ ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ. ನನಗೆ ಅರ್ಥವಾಗದ ಕಡೆ ಅರ್ಥವಾಗಲಿಲ್ಲ ಎಂದೇ ಬರೆದುಕೊಳ್ಳಬೇಕು.

ಮೊದಲು ಒಂದು ವಿಷಯ. ನಾನು ಜನರ ತಲೆ ಎಣಿಸುವುದಿಲ್ಲ. ಎಣಿಸಬೇಕೆಂದು ಕಂಪನಿಯವರ ಕಾಗದದಲ್ಲಿದೆ, ಅದಕ್ಕೆ ಸಹಿಯನ್ನೂ ಹಾಕಿದ್ದೇನೆ. ಆದರೆ ಜನರ ಕಡೆ ಬೆರಳು ಮಾಡಿ ಒಂದು, ಎರಡು ಎನ್ನಬಾರದೆಂದು ನನ್ನ ಅಜ್ಜಿ ಹೇಳುತ್ತಿದ್ದರು. ಅದರಲ್ಲೂ ಸತ್ತವರು ಮನೆಗೆ ಊಟಕ್ಕೆ ಬರುವ ಈ ಮೂರು ದಿನ ಖಂಡಿತ ಎಣಿಸಬಾರದು, ಎಣಿಸಿದರೆ ಅವರೂ ಬಂದು ಸಾಲಿನಲ್ಲಿ ನಿಂತುಬಿಡುತ್ತಾರೆ ಎನ್ನುತ್ತಿದ್ದರು. ಆದ್ದರಿಂದ ನಾನು ಜನರನ್ನು ಬಿಟ್ಟು ವಸ್ತುಗಳನ್ನು ಎಣಿಸುತ್ತೇನೆ. ಬಿಸಿಲಿಗೆಂದು ಕೊಡುವ ಹುಲ್ಲಿನ ಟೋಪಿ, ಈಜುವಾಗ ತೇಲುವ ಜಾಕೆಟ್, ಊಟದ ಹೊತ್ತಿಗೆ ತಟ್ಟೆ. ಇದನ್ನೆಲ್ಲ ಬರೆಯುವುದು ಬೇಡ ಎಂದು ಬರೆದುಕೊಳ್ಳುತ್ತಿರುವವರು ಹೇಳಿದರು. ಬೇಕು ಎಂದು ನಾನು ಹೇಳಿದ್ದೇನೆ.

ಬೆಳಗ್ಗೆ 7.30ಕ್ಕೆ ಪಟ್ಟಣದ ಚೌಕದಿಂದ ಹೊರಟೆವು. ಒಂದರಿಂದ ಹನ್ನೊಂದರವರೆಗೆ ನಂಬರು ಬರೆದ ಟೋಪಿಗಳನ್ನು ಪಟ್ಟಿಯ ಪ್ರಕಾರ ಹಂಚಿದೆ. ವ್ಯಾನಿನಲ್ಲಿ ಹದಿನಾಲ್ಕು ಸೀಟು, ಮೂರು ಖಾಲಿ ಇದ್ದವು. 8.25ಕ್ಕೆ ನೋಹ್‌ತುನ್‌ನ ಹಳೇ ಕಲ್ಲುಗುಡಿಗಳ ಹತ್ತಿರ ತಲುಪಿದೆವು. ದೊಡ್ಡ ಗುಡಿಯ ಮೆಟ್ಟಿಲ ಬುಡದಲ್ಲಿ ನಾನು ದಿನವೂ ಹೇಳುವ ಮಾತನ್ನೇ ಹೇಳಿದೆ. ಹತ್ತುವಾಗ ದೇವರು ನೆನಪಾಗುತ್ತಾನೆ, ಇಳಿಯುವಾಗ ಹೆತ್ತ ತಾಯಿ ನೆನಪಾಗುತ್ತಾಳೆ ಎಂಬ ಮಾತು. ಯಾರೂ ನಗಲಿಲ್ಲ. ಹಿಂದುಗಡೆಯಿಂದ ಒಬ್ಬರು ಮಾತ್ರ ನಕ್ಕದ್ದು ಕೇಳಿಸಿತು. ಯಾರೆಂದು ನಾನು ತಿರುಗಿ ನೋಡಲಿಲ್ಲ. ಬಿಸಿಲು ಏರುತ್ತಿತ್ತು.

11.20ಕ್ಕೆ ಅಲ್ಲಿಂದ ಹೊರಟು 11.50ಕ್ಕೆ ಶ್ಕಾನ್‌ಹಾ ಹಳ್ಳಿಗೆ ಬಂದೆವು. ಅಲ್ಲಿ ನೆಲ ಕುಸಿದು ಆದ ನೀರಿನ ಹೊಂಡವಿದೆ. ಬಾಯಿ 30 ಮೀಟರ್ ಅಗಲ, ನೀರಿಗೆ ಇಳಿಯಲು 64 ಮೆಟ್ಟಿಲು, ನೀರಿನ ಆಳ 35 ಮೀಟರ್. 12.10ಕ್ಕೆ ಜಾಕೆಟ್ ಹಂಚುವಾಗ ಒಬ್ಬ ಮಹಿಳೆ ತನಗೆ ಬೇಡವೆಂದರು. "ನೀರು ಕಂಡ್ರೆ ನಂಗೆ ಭಯ ಕಣಪ್ಪ. ಮೇಲೆ ಕೂತು ನೋಡ್ತೀನಿ. ನೀವು ನನ್ನ ಚಿಂತೆ ಬಿಡಿ," ಎಂದರು. ನಾನು ಚಿಂತೆ ಬಿಟ್ಟೆ. ಹತ್ತು ಜಾಕೆಟ್ ಕೊಟ್ಟೆ, 1.05ಕ್ಕೆ ಹತ್ತೂ ವಾಪಸು ಬಂದವು.

ಹೊಂಡದಿಂದ 90 ಮೀಟರ್ ದೂರದಲ್ಲಿ, ನಾವೆಲ್ಲ ಗೌರವದಿಂದ ದೋನ್ಯಾ ಎನ್ನುವ ಲಾಂದಿ ಪೋಟ್ ಅವರ ಅಡುಗೆಮನೆ. ವಯಸ್ಸು 67, ಆರು ವರ್ಷದಿಂದ ನನ್ನ ಪ್ರವಾಸಿಗರಿಗೆಲ್ಲ ಊಟ ಅವರದೇ. ಮರದ ಕೆಳಗೆ ಒಂದೇ ಉದ್ದನೆಯ ಮೇಜು. ನಿನ್ನೆ ಹಬ್ಬದ ಪೀಬ್ ಇತ್ತು. ಬಾಳೆಎಲೆಯಲ್ಲಿ ಸುತ್ತಿ, ನೆಲದೊಳಗಿನ ಕೆಂಡದಲ್ಲಿ ಹೂತು ಬೇಯಿಸಿದ ಕೋಳಿ ಕಡುಬು. ಈಜಿ ಬಂದವರೆಲ್ಲ ಹಸಿದಿದ್ದರು. ಒಬ್ಬರು ತಿನ್ನುತ್ತಿದ್ದರೆ ಇನ್ನೊಬ್ಬರು ಬಟ್ಟೆ ಬದಲಿಸಲು, ಮತ್ತೊಬ್ಬರು ಕೈ ತೊಳೆಯಲು ಎದ್ದು ಹೋಗುತ್ತಿದ್ದರು. 1.55ಕ್ಕೆ ನಾನು ವ್ಯಾನಿನ ಬಾಗಿಲಲ್ಲಿ ನಿಂತು ತಟ್ಟೆ ಎಣಿಸಿದೆ. ಹನ್ನೊಂದು ಇದ್ದವು. ಮೇಜಿನ ಕೊನೆಯಲ್ಲಿದ್ದ ತಟ್ಟೆಯ ಮುಂದೆ ಯಾರೂ ಇರಲಿಲ್ಲ, ಕಡುಬು ಮುಟ್ಟಿದಂತೆ ಕಾಣಲಿಲ್ಲ. ಇಷ್ಟವಾಗದೆ ಬಿಟ್ಟಿದ್ದಾರೆ, ಪಟ್ಟಣದವರ ನಾಲಿಗೆಯೇ ಹೀಗೆ, ಎಂದು ಮನಸ್ಸಿನಲ್ಲಿ ಬೈದುಕೊಂಡೆ. ತಟ್ಟೆ ಹನ್ನೊಂದಾದರೆ ಜನ ಹನ್ನೊಂದು. ಅದಕ್ಕಿಂತ ಹೆಚ್ಚು ಯೋಚನೆ ಮಾಡಲಿಲ್ಲ.

2.05ಕ್ಕೆ ಹೊರಟೆವು. ಕಿಟಕಿಗಳಿಗೆಲ್ಲ ಒದ್ದೆ ಟವೆಲ್ ಹಾಕಿಕೊಂಡಿದ್ದರು, ಹಿಂದಿನ ಸೀಟಿನಲ್ಲಿ ಇಬ್ಬರು ಮಲಗಿದ್ದರು. ಕನ್ನಡಿಯಲ್ಲಿ ನನಗೆ ಟವೆಲ್ ಬಿಟ್ಟು ಏನೂ ಕಾಣುತ್ತಿರಲಿಲ್ಲ.

2.50ಕ್ಕೆ ಪಟ್ಟಣದ ಚೌಕದಲ್ಲಿ ಇಳಿಸಿ ಟೋಪಿ ವಾಪಸು ಕೇಳಿದೆ. ಹತ್ತೇ ಬಂದವು. ಏಳನೇ ನಂಬರು ಇರಲಿಲ್ಲ. ಯಾರಾದರೂ ಮರೆತು ಚೀಲಕ್ಕೆ ಹಾಕಿಕೊಂಡಿದ್ದೀರಾ ನೋಡಿ ಎಂದು ಕೇಳಿದೆ. ಶ್ರೀ ಸಾಂತಿಲ್ಯಾನ್ ಅವರು, "ಒಂದು ಹುಲ್ಲಿನ ಟೋಪಿಗೋಸ್ಕರ ನಮ್ಮನ್ನೆಲ್ಲ ಕಳ್ಳರ ಥರ ಬಿಸಿಲಲ್ಲಿ ನಿಲ್ಲಿಸ್ತೀರಲ್ರೀ, ನಾಚಿಕೆ ಆಗಲ್ವಾ?" ಎಂದರು. ಟೋಪಿ ಸೀಟಿನ ಕೆಳಗೆ ಬಿದ್ದಿರಬಹುದೆಂದು ಬಗ್ಗಿ ನೋಡಿದೆ. ನಾಲ್ಕನೇ ಸೀಟಿನ ಕೆಳಗೆ ಬಟ್ಟೆಯ ಕೈಚೀಲವೊಂದಿತ್ತು. ಅದರಲ್ಲಿ ಓದುವ ಕನ್ನಡಕ, ಅರ್ಧ ತಿಂದ ಬಿಸ್ಕತ್ತು ಪೊಟ್ಟಣ, ಗುರುತಿನ ಚೀಟಿ. ಚೀಟಿಯ ಹೆಸರನ್ನು ಪಟ್ಟಿಯಲ್ಲಿ ನೋಡಿದರೆ ಏಳನೇ ನಂಬರು. ಆಗ ಸಮಯ 2.55.

ಈ ಮಹಿಳೆ ಎಲ್ಲಿ ಎಂದು ಎಲ್ಲರನ್ನೂ ಕೇಳಿದೆ. ಇಲ್ಲಿಂದ ಮುಂದೆ ನನಗೆ ತಲೆಬುಡ ತಿಳಿಯಲಿಲ್ಲ. ಅಂಥ ಹೆಂಗಸೇ ವ್ಯಾನಿನಲ್ಲಿ ಇರಲಿಲ್ಲ, ಮೊದಲಿನಿಂದಲೂ ತಾವು ಹತ್ತೇ ಜನ ಎಂದು ಶ್ರೀ ಸಾಂತಿಲ್ಯಾನ್ ಹೇಳಿದರು. ಇದ್ದರು, ಕೆಂಪು ರವಿಕೆ, ಕಪ್ಪು ಕೂದಲು, ಎತ್ತರದ ಹೆಂಗಸು ಎಂದು ಅವರ ಹೆಂಡತಿ ಹೇಳಿದರು. ಕುಳ್ಳಗಿದ್ದರು, ಗುಡಿಯ ಹತ್ತಿರವೇ ಇಳಿದು ಹೋದರು ಎಂದು ಇನ್ನೊಬ್ಬರು. ಹೊಸದಾಗಿ ಮದುವೆಯಾದ ಜೋಡಿಯೊಂದು, "ಅಯ್ಯೋ, ಅವರಾ? ನಮ್ಮ ಫೋಟೋ ಎಲ್ಲ ತೆಗೆದುಕೊಟ್ರಲ್ಲ, ಪಾಪ," ಎಂದರು. ಫೋಟೋ ತೋರಿಸಿ ಎಂದೆ. ಇಪ್ಪತ್ತಮೂರು ಫೋಟೋ ಇದ್ದವು. ಒಂದರಲ್ಲೂ ಅವರಿಲ್ಲ, ತೆಗೆದವರೇ ಅವರು. ಉಳಿದವರೂ ತಮ್ಮ ಫೋನು ನೋಡಿದರು. ಅವರ ಫೋಟೋಗಳನ್ನು ತೆಗೆದುಕೊಟ್ಟವರೂ ಅವರೇ.

ಆಕೆ ನೋಡಲು ಹೇಗಿದ್ದರು ಎಂದು ಚೌಕದಲ್ಲಿದ್ದ ಪೇದೆ ನನ್ನನ್ನು ಕೇಳಿದರು. ಬೆಳಗ್ಗೆಯಿಂದ ಜೊತೆಗಿದ್ದ ಹೆಂಗಸಿನ ಬಟ್ಟೆಯ ಬಣ್ಣ ನನಗೆ ಗೊತ್ತಿರಲಿಲ್ಲ. ಗುರುತಿನ ಚೀಟಿಯ ಫೋಟೋ ನೋಡಿದರೂ ಈ ಮುಖವನ್ನು ಕಂಡ ನೆನಪಾಗಲಿಲ್ಲ. ಹನ್ನೊಂದು ತಟ್ಟೆ ಎಣಿಸಿದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿತ್ತು. ಊಟ ಮಾಡಿದವರು ಹನ್ನೊಂದು, ಬಂದವರು ಹತ್ತು. ಹಾಗಾದರೆ ಊಟದ ನಂತರ ನೀರಿಗೆ ಇಳಿದಿರಬೇಕು ಎಂದು ಲೆಕ್ಕ ಹಾಕಿದೆ. ನೀರು ಕಂಡರೆ ಭಯ ಎಂದವರು ಯಾಕೆ ಇಳಿಯುತ್ತಾರೆ? ಅದೂ ಅರ್ಥವಾಗಲಿಲ್ಲ.

ದೋನ್ಯಾ ಲಾಂದಿಗೆ ಒಂಬತ್ತು ಸಲ ಫೋನ್ ಮಾಡಿದೆ, ಎತ್ತಲಿಲ್ಲ. 3.05ಕ್ಕೆ ಒಬ್ಬನೇ ವಾಪಸು ಹೊರಟೆ. ಶ್ರೀ ಸಾಂತಿಲ್ಯಾನ್ ದೂರು ಕೊಡಲು ಠಾಣೆಯ ಕಡೆ ಹೋದರು. ಅಂಥ ಹೆಂಗಸೇ ಇರಲಿಲ್ಲ ಎಂದವರು ಹತ್ತು ನಿಮಿಷದಲ್ಲಿ ಆಕೆಯ ಸಾವಿಗೆ ದೂರು ಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. 38 ಕಿಲೋಮೀಟರನ್ನು 31 ನಿಮಿಷದಲ್ಲಿ ಓಡಿಸಿದೆ. ವೇಗದ ಮಿತಿ ಮೀರಿದ್ದೇನೆ, ಅದಕ್ಕೂ ದಂಡ ಹಾಕಬಹುದು. ದಾರಿಯುದ್ದಕ್ಕೂ ಮನೆಮನೆಯ ಮುಂದೆ ಹೂವು, ಮೇಣದಬತ್ತಿ ಇಟ್ಟಿದ್ದರು. ನಾನು ಅತ್ತ ನೋಡಲಿಲ್ಲ.

3.36ಕ್ಕೆ ತಲುಪಿದೆ. ಹಬ್ಬವೆಂದು ಹೊಂಡದ ಕಾವಲುಗಾರ ಎರಡು ಗಂಟೆಗೇ ಟಿಕೆಟ್ ಕಿಟಕಿ ಮುಚ್ಚಿ ಮನೆಗೆ ಹೋಗಿದ್ದ. ಹೊಂಡದ ಅಂಚಿನಲ್ಲಿ ನಿಂತು ಕೆಳಗೆ ನೋಡಿದೆ. ನೀರಿನ ನಡುವೆ ಹುಲ್ಲಿನ ಟೋಪಿಯೊಂದು ತೇಲುತ್ತಿತ್ತು. ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಹತ್ತಿರದಿಂದ ನಂಬರು ಕಾಣಿಸಿತು, ಏಳು. ಬೂಟು ಸಮೇತ ಹಾರಿದೆ. ಮೂರು ಸಲ ಮುಳುಗಿದೆ. ಮೊದಲ ಸಲ ಸುಮಾರು ಆರು ಮೀಟರ್, ಆಮೇಲಿನ ಎರಡು ಸಲ ಅಷ್ಟೂ ಇಲ್ಲ. ಕೆಳಗೆ ಕತ್ತಲೆ. ಕೈಗೆ ಸಿಕ್ಕಿದ್ದು ಮರದ ಬೇರು ಮಾತ್ರ. ನಾನು ಅತ್ತದ್ದು ನಿಜ. ನೀರಲ್ಲಿ ಇದ್ದುದರಿಂದ ಎಷ್ಟು ಹೊತ್ತು ಎಂದು ಹೇಳಲಾರೆ.

ಮೂರನೇ ಸಲ ಮೇಲೆ ಬಂದಾಗ ಅಂಚಿನಲ್ಲಿ ದೋನ್ಯಾ ಲಾಂದಿ ನಿಂತಿದ್ದರು. "ಏನೋ ತಮ್ಮಾ, ಹಬ್ಬದ ದಿನ ಬೂಟು ಹಾಕ್ಕೊಂಡು ಸ್ನಾನ ಮಾಡ್ತಿದೀಯಾ?" ಎಂದು ಕೂಗಿದರು. ಒಬ್ಬರು ಹೆಂಗಸು ಮುಳುಗಿದ್ದಾರೆ, ಜನರನ್ನು ಕರೆಯಿರಿ ಎಂದೆ. ಅದಕ್ಕೆ ಅವರು, "ಯಾರು, ಬಿಳಿ ಕೂದಲಿನೋರಾ? ನನ್ನ ಮೇಜಿನ ಮುಂದೆ ಕೂತು ಉಣ್ತಿದಾರೆ. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ನಂತೆ. ಮೇಲೆ ಬಾ," ಎಂದರು. ಹೋದ ಜೀವ ಬಂದಂತಾಯಿತು. 64 ಮೆಟ್ಟಿಲನ್ನು ಎರಡು ಕಡೆ ಕೂತು ಹತ್ತಿದೆ.

ದಾರಿಯಲ್ಲಿ ದೋನ್ಯಾ ಲಾಂದಿ ಪಿಸುದನಿಯಲ್ಲಿ ಹೇಳಿದ್ದು ಇಷ್ಟು. ನಾವು ಹೊರಟ ಕೂಡಲೇ ಅವರು ಫೋನನ್ನು ಮನೆಯಲ್ಲಿಯೇ ಬಿಟ್ಟು ತಂಗಿಯ ಮನೆಯ ಪ್ರಾರ್ಥನೆಗೆ ಹೋಗಿದ್ದರು. ಹೋಗುವಾಗ ಎಲ್ಲ ಎಂಜಲು ತಟ್ಟೆ ಎತ್ತಿ, ಮೇಜಿನ ಕೊನೆಯ ಒಂದು ತಟ್ಟೆಯನ್ನು ಹಾಗೆಯೇ ಬಿಟ್ಟಿದ್ದರು. ಅದು ಒಂಟಿ ಜೀವದ ತಟ್ಟೆ. ನೆನೆಯುವವರು ಯಾರೂ ಇಲ್ಲದ ಸತ್ತವರಿಗೆಂದು ನಾವು ಪ್ರತಿ ಮನೆಯಲ್ಲೂ ಒಂದು ಪಾಲು ಹೊರಗೆ ಇಡುತ್ತೇವೆ. ಪ್ರತಿ ವರ್ಷ ಅವರು ಅದನ್ನು ಗೋಡೆಯ ಮೇಲೆ ಇಡುತ್ತಿದ್ದರು. ಹಿಂದಿನ ದಿನ ಮಕ್ಕಳ ಜೀವಗಳಿಗೆಂದು ಅಲ್ಲಿಟ್ಟ ಪಾಲನ್ನು ನಾಯಿ ತಿಂದದ್ದರಿಂದ ಈ ಸಲ ಮೇಜಿನ ಮೇಲೆ ಇಟ್ಟರು. ನಾನು ಎಣಿಸಿದ ಹನ್ನೊಂದನೇ ತಟ್ಟೆ ಅದೇ. ನಿನ್ನೆ ಬೆಳಗ್ಗೆ ನನ್ನ ಹೆಂಡತಿಯೂ ಅಂಥದೇ ತಟ್ಟೆಯನ್ನು ಬಾಗಿಲ ಹೊರಗೆ ಇಟ್ಟಿದ್ದಳು. ಅದನ್ನು ದಾಟಿಕೊಂಡೇ ನಾನು ಕೆಲಸಕ್ಕೆ ಬಂದದ್ದು.

3.10ಕ್ಕೆ ದೋನ್ಯಾ ಲಾಂದಿ ವಾಪಸು ಬಂದಾಗ ಆ ತಟ್ಟೆಯ ಮುಂದೆ ಬಿಳಿ ಕೂದಲಿನ ಹೆಂಗಸೊಬ್ಬರು ಕೂತು ಉಣ್ಣುತ್ತಿದ್ದರಂತೆ. ಇವರು ಶಿಲುಬೆ ಗುರುತು ಮಾಡಿಕೊಂಡು ನೀರಿನ ತೊಟ್ಟಿಯ ಹಿಂದೆ ಹತ್ತು ನಿಮಿಷ ಅಡಗಿ ನಿಂತಿದ್ದರಂತೆ. ಆಮೇಲೆ ಹೇಗೆ ಧೈರ್ಯ ಬಂತೆಂದು ಕೇಳಿದೆ. "ಸ್ವಲ್ಪ ಉಪ್ಪು ಇದೆಯಾ ಅಂತ ಕೂಗಿದ್ರು. ಸತ್ತೋರು ಉಪ್ಪು ಕೇಳಿದ್ದು ನಾನಂತೂ ಕೇಳಿಲ್ಲ," ಎಂದರು.

ನಾವು ಹೋದಾಗ ಮೇಜಿನ ಮುಂದಿದ್ದ ಸೆನ್ಯೋರಾ ಒತಿಲಿಯಾ ಎದ್ದು ನಿಂತು, ತಮ್ಮಿಂದ ಎಲ್ಲರಿಗೂ ತಡವಾಯಿತೇ ಎಂದು ಕೇಳಿದರು. ನಾನು ನೀರು ತೊಟ್ಟಿಕ್ಕಿಸುತ್ತಾ ನಿಂತಿದ್ದೆ. ಅವರು ಹೇಳಿದ್ದೇನೆಂದರೆ: ಹೊಂಡಕ್ಕೆ ಬಗ್ಗಿದಾಗ ಟೋಪಿ ಬಿತ್ತು, ಯಾರಿಗೂ ತೊಂದರೆ ಕೊಡುವುದು ಬೇಡವೆಂದು ಸುಮ್ಮನಾದರು. ಆಮೇಲೆ ಕಾಲುದಾರಿಯಲ್ಲಿ 700 ಮೀಟರ್ ನಡೆದು ಸ್ಮಶಾನಕ್ಕೆ ಹೋದರು. ಅಲ್ಲಿ ಒಂದು ಮನೆಯವರು ತಮ್ಮವರ ಗೋರಿಗೆ ನೀಲಿ ಬಣ್ಣ ಬಳಿಯುತ್ತಿದ್ದರು. ಇವರು ಬಣ್ಣದ ಡಬ್ಬಿ ಹಿಡಿದುಕೊಂಡು ನಿಂತರು. ಹೊತ್ತು ಹೋದದ್ದೇ ತಿಳಿಯಲಿಲ್ಲ. 2.15ಕ್ಕೆ ಬಂದು ನೋಡಿದರೆ ವ್ಯಾನ್ ಇರಲಿಲ್ಲ. ಮುಕ್ಕಾಲು ಗಂಟೆ ಕಾದರು. ಆಮೇಲೆ, "ಮೇಜಿನ ಮೇಲೆ ಒಂದು ತಟ್ಟೆ ಇತ್ತು. ಬಿಟ್ಟು ಹೋದ್ರೂ ನನ್ನ ಪಾಲು ತೆಗೆದಿಟ್ಟಿದ್ದಾರಲ್ಲ, ಯಾರೋ ನೆನೆಸ್ಕೊಂಡಿದ್ದಾರೆ ಅಂತ ಖುಷಿ ಆಯ್ತು," ಎಂದರು.

ನಾನು ದೋನ್ಯಾ ಲಾಂದಿಯ ಮುಖ ನೋಡಿದೆ. ಅವರು ಒಲೆಯ ಕಡೆ ತಿರುಗಿಕೊಂಡರು. ಆ ತಟ್ಟೆ ಯಾರದೆಂದು ನಾವಿಬ್ಬರೂ ಹೇಳಲಿಲ್ಲ. ಈ ಹೇಳಿಕೆಯನ್ನು ಸೆನ್ಯೋರಾ ಒತಿಲಿಯಾ ಅವರಿಗೆ ಓದಿ ಹೇಳುವುದಾದರೆ ಅಷ್ಟು ಭಾಗ ಬಿಡಬೇಕೆಂದು ಕೈ ಮುಗಿದು ಕೇಳುತ್ತೇನೆ.

ನಾನು ಕ್ಷಮೆ ಕೇಳಿದೆ. ತಾವು ಇಲ್ಲವೆಂಬುದು ಯಾವಾಗ ಗೊತ್ತಾಯಿತು ಎಂದು ಅವರು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ, 2.55ಕ್ಕೆ, ಅದೂ ಟೋಪಿಯಿಂದ ಎಂದೆ. ಅವರು ಲೆಕ್ಕ ಹಾಕಿದರು. "ಒಂದು ಗಂಟೆಯೂ ಆಗಿಲ್ಲ ಬಿಡಿ. ನಮ್ಮೂರಲ್ಲಾಗಿದ್ರೆ ಮೂರು ವಾರ ಬೇಕಿತ್ತು," ಎಂದು ಹೇಳಿ ನಕ್ಕರು. ಬೆಳಗ್ಗೆ ಗುಡಿಯ ಮೆಟ್ಟಿಲ ಹತ್ತಿರ ಹಿಂದಿನಿಂದ ಕೇಳಿದ ನಗು ಅದೇ ಆಗಿತ್ತು.

ದೂರು ಸುಳ್ಳಾಯಿತು, ಮಹಿಳೆ ಸುರಕ್ಷಿತವಾಗಿದ್ದಾರೆ, ಆದ್ದರಿಂದ ಕಾಣೆಯಾದವರ ವಿವರ ಎಂಬ ಕಾಲಂ ಖಾಲಿ ಬಿಡುತ್ತೇವೆ ಎಂದು ಬರೆದುಕೊಳ್ಳುತ್ತಿರುವವರು ಹೇಳಿದರು. ಕಾರ್ಡನ್ನು ಒಂದು ತಿಂಗಳು ಇಟ್ಟುಕೊಳ್ಳಿ, ಒಂದು ವರ್ಷ ಇಟ್ಟುಕೊಳ್ಳಿ, ತಪ್ಪು ನನ್ನದೇ. ಆದರೆ ಆ ಕಾಲಂ ಖಾಲಿ ಬಿಡಬಾರದು. ನಿನ್ನೆ ಕೇಳಿದಾಗ ನನಗೆ ಹೇಳಲಾಗಲಿಲ್ಲ, ಇಂದು ಹೇಳುತ್ತೇನೆ, ಬರೆದುಕೊಳ್ಳಿ. ಎತ್ತರ, ನನ್ನ ಭುಜದವರೆಗೆ. ಕೂದಲು ಬಿಳಿ, ಕಿವಿಯ ಮಟ್ಟಕ್ಕೆ ಕತ್ತರಿಸಿದ್ದು. ಕಂದು ಬಣ್ಣದ ಉಡುಪು, ಮೇಲೆ ಸಣ್ಣ ಹಳದಿ ಹೂವು. ಬಲ ತೋಳಿನಲ್ಲಿ ಗೋರಿಯ ನೀಲಿ ಬಣ್ಣದ ಎರಡು ಕಲೆ. ಎಡ ಕಿವಿಯ ಕೆಳಗೆ ಮಚ್ಚೆ. ಉಪ್ಪು ಸ್ವಲ್ಪ ಜಾಸ್ತಿ ಬೇಕು. ನಗು ಮೊದಲು ಮೂಗಿನಲ್ಲಿ ಬರುತ್ತದೆ, ಆಮೇಲೆ ಬಾಯಿಗೆ.

ಇಷ್ಟನ್ನೂ ನನಗೆ ಎರಡು ಸಲ ಓದಿ ಹೇಳಿದ್ದಾರೆ. ನಾನು ಹೇಳಿದ್ದೇ ಇಲ್ಲಿದೆ, ಸೇರಿಸಿದ್ದಿಲ್ಲ, ಬಿಟ್ಟದ್ದಿಲ್ಲ, ಯಾರ ಒತ್ತಾಯವೂ ಇಲ್ಲ ಎಂದು ಒಪ್ಪಿ ರುಜು ಮಾಡಿದ್ದೇನೆ.

ಸ್ಥಳ: ವಲ್ಯದೋಲಿದ್
ದಿನಾಂಕ: ನವೆಂಬರ್ 2, ಬೆಳಗ್ಗೆ 10.40
(ಸಹಿ) ಎಲಾದಿಯೊ ಕಾವಿಚ್ ತುನ್