ಓಬಳೇಶ ಕುಡಿಯದ ತೀರ್ಥ

ಅದನ್ನ ನಾಲಿಗೇಲಿ ತಳ್ತಾ ಕೂರ್ಬೇಡ ಚಿನ್ನಿ, ಹಾಲುಹಲ್ಲು ಅಂದ್ರೆ ಅಂಗೇಯ, ಹೊತ್ತು ಬಂದಾಗ ತಾನೇ ಬೀಳ್ತದೆ. ಬಿದ್ದ ಮೇಲೆ ನನ್ನ ಕೈಗೆ ಕೊಡು, ಸಗಣೀಲಿ ಇಟ್ಟು ಸೂರಿನ ಮೇಲಕ್ಕೆ ಎಸೆಯಾನ. ನೀನು ಹಲ್ಲು ಅಲ್ಲಾಡಿಸಿದಾಗೆಲ್ಲ ಅಜ್ಜಿ ಯಾಕೆ ಹಂಗೆ ನೋಡ್ತೀಯ ಅಂತ ಮೊನ್ನೆ ಕೇಳಿದ್ಯಲ್ಲ, ನೀನಲ್ವಾ, ಹಂಗಾದ್ರೆ ಕೇಳಿದ್ದು ನಿಮ್ಮಣ್ಣ ಮಂಜ ಇರಬೇಕು. ಇರಲಿ, ಇಬ್ಬರೂ ಈ ಜಗಲಿ ಮೇಲೆ ಕೂತ್ಕಳಿ, ಹೇಳ್ತೀನಿ. ಮೊದಲು ನನ್ನ ಹಲ್ಲು ನೋಡಿ. ಕಂದು ಬಣ್ಣ, ಅಲ್ಲಲ್ಲಿ ಗುಳಿ. ಎಲೆ ಅಡಿಕೆ ಹಾಕೋ ಹೆಂಗಸು ಅಂತ ಹೊರಗಿನೋರು ತಿಳ್ಕತಾರೆ, ನಾನು ತಾಂಬೂಲಕ್ಕೆ ಕೊಟ್ಟಿದ್ದನ್ನೂ ಬಾಯಿಗೆ ಹಾಕಿದೋಳಲ್ಲ. ಇದು ನೀರು ಮಾಡಿದ ಕೆಲಸ. ವೈ.ಎನ್.ಹೊಸಕೋಟೆ ಕಡೆ ಹುಟ್ಟಿದ ನಮಗೆಲ್ಲ ಇದೇ ಹಲ್ಲು, ಎಲ್ಲರಿಗೂ ಒಂದೇ ಥರ ಇದ್ದಿದ್ದಕ್ಕೆ ಊರೊಳಗೆ ಯಾರಿಗೂ ನಾಚಿಕೆ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಕಳ್ಳಂಬೆಳ್ಳಕ್ಕೆ ಒಂದು ಮದುವೆಗೆ ಹೋಗಿದ್ವಿ. ಅಲ್ಲಿ ಕೆರೆ ನೀರು, ಜನರ ಹಲ್ಲೆಲ್ಲ ಮಲ್ಲಿಗೆ ಮೊಗ್ಗಿನಂಗೆ. ಒಬ್ಬಳು ಹೆಂಗಸು ನನ್ನ ಪಕ್ಕ ಊಟಕ್ಕೆ ಕೂತೋಳು, ‘ಯಾಕಮ್ಮ, ನಿಮ್ಮ ಕಡೆ ಹಲ್ಲುಪುಡಿ ಸಿಗಲ್ವಾ’ ಅಂದ್ಲು. ಅವಳೇನು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದ್ರೂ ಅವತ್ತಿಂದ ನಗೋವಾಗ ಸೆರಗು ಬಾಯಿಗೆ ಬಂತು, ಇವತ್ತಿಗೂ ಹೋಗಿಲ್ಲ. ಒಳಗೆ ಗೋಡೆ ಮೇಲೆ ನಿಮ್ಮಪ್ಪನ ಮದುವೆ ಫೋಟೋ ಐತಲ್ಲ, ಎಲ್ಲರೂ ನಗ್ತಾವ್ರೆ, ನಾನೊಬ್ಬಳು ಬಾಯಿ ಬಿಗಿದು ನಿಂತಿದ್ದೀನಿ, ಸೊಸೆ ಇಷ್ಟ ಇಲ್ಲವೇನೋ ಅನ್ನೋಹಂಗೆ.

ಆಮೇಲೆ ಮಂಡಿ ಹಿಡ್ಕಂತು. ಊರಿಗೆ ಡಾಕ್ಟ್ರು ಕ್ಯಾಂಪ್ ಮಾಡಿದಾಗ ಹೋದೆ, ವಯಸ್ಸಿನ್ನೂ ಚಿಕ್ಕ ಹುಡುಗ, ನನ್ನ ಹಲ್ಲು ನೋಡಿ ಮಂಡಿ ನೋವು ಹೇಳಿಬುಟ್ಟ. ನಿಮ್ಮ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಐತೆ, ಆ ನೀರನ್ನೇ ಟ್ಯಾಂಕಿಗೆ ಹತ್ತಿಸಿ ನಲ್ಲೀಲಿ ಬಿಡ್ತಾರೆ, ಮಕ್ಕಳು ಎಳೇದರಲ್ಲಿ ಕುಡಿದ ನೀರು ಮುಂದೆ ಬರೋ ಹಲ್ಲಲ್ಲಿ ಕಾಣಿಸ್ತದೆ, ಮೂಳೆಗೂ ಇಳೀತದೆ ಅಂದ. ಕಾಯಿಸಿ ಕುಡೀತೀವಲ್ಲ ಸಾರ್ ಅಂದೆ. ಕಾಯಿಸಿದ್ರೆ ಹೋಗಲ್ಲಮ್ಮ, ನೀರು ಇಂಗಿ ಅದೇ ಗಟ್ಟಿಯಾಗಿ ಉಳೀತದೆ, ಅದಕ್ಕೆ ಬೇರೆ ಫಿಲ್ಟರ್ ಬೇಕು ಅಂದ. ಅವತ್ತು ಮನೆಗೆ ಬಂದು ದೇವರ ಮುಂದೆ ಕೂತು ಒಂದೇ ಕೇಳ್ಕಂಡೆ, ನನ್ನದು ಆಗೋಯ್ತು, ಈ ಮನೆ ಮಕ್ಕಳು ಸೆರಗಿಲ್ಲದೆ, ಕೈ ಅಡ್ಡ ಇಲ್ಲದೆ ನಗಲಿ ಅಂತ.

ಕೇಳ್ಕಂಡಂಗೇ ಫಿಲ್ಟರ್ ಮನೆ ಬಂತು. ನೀಲಿ ಬಣ್ಣದ್ದು, ನಾಣ್ಯ ಹಾಕಿದ್ರೆ ಬಿಂದಿಗೆ ತುಂಬೋದು. ಮಂಜ ಆಗ ಕೈಗೂಸು. ಊರಿನೋರು ನನ್ನ ಕೈಲೇ ಕಾಯಿ ಒಡೆಸಿದ್ರು, ನೀರಿಂದ ನೊಂದೋಳು ನೀನೇ ಮೊದಲ ಬಿಂದಿಗೆ ಹಿಡಿ ಅಂದ್ರು. ನಾನು ಹಿಡಿದು ಮನೆಗೆ ತರಲಿಲ್ಲ, ಸೀದಾ ಆಂಜನೇಯಸ್ವಾಮಿ ಗುಡಿಗೆ ಹೊತ್ತೆ, ಮೊದಲ ಅಭಿಷೇಕ ಆ ನೀರಿಂದ್ಲೇ ಆಯ್ತು. ಅವತ್ತಿಂದ ಶನಿವಾರದ ಅಭಿಷೇಕಕ್ಕೂ ತೀರ್ಥಕ್ಕೂ ನೀರು ನಂದು ಅಂತ ಹರಕೆ ಹೊತ್ತೆ. ಮಿಷಿನ್ ನೀರು ಸಪ್ಪೆ, ಮೈಗೆ ಹತ್ತಲ್ಲ ಅಂತ ಮೂಗು ಮುರಿದೋರಿಗೆಲ್ಲ, ಸ್ವಾಮೀನೇ ಒಪ್ಕಂಡವ್ನೆ, ನಿಮ್ಮದೇನ್ರಮ್ಮ ಅಂತ ನಾನೇ ಹೇಳಿ ಕುಡಿಸಿದೆ. ಮಿಷಿನ್ ನೋಡ್ಕಳಾಕೆ ನಮ್ಮ ಹಿತ್ತಲ ಮನೆ ಓಬಳೇಶನ್ನ ಹಾಕಿದ್ರು. ನಿಮ್ಮಪ್ಪನ ಜೊತೆ ಆಡಿ ಬೆಳೆದೋನು, ನನ್ನನ್ನ ಅತ್ತೆ ಅಂತ ಬಾಯ್ತುಂಬ ಕರೆಯೋನು, ಬಿಸಿಲಲ್ಲಿ ಬಂದ್ರೆ ಕೇಳದೆ ಮಜ್ಜಿಗೆ ಗಡಿಗೆಗೆ ಕೈ ಹಾಕೋನು. ಮಂಜನಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ನೋಡಿದೆ, ಬೆಳ್ಳಗೆ, ಹಾಲಿನ ಕೆನೆಯಂಗೆ. ಬಾಯಿ ತೆಗಿಯೋ ಮಂಜ, ತೋರಿಸು ಅವಳಿಗೆ. ಹೂಂ. ಅವತ್ತು ಓಬಳೇಶನಿಗೆ ಹೋಳಿಗೆ ಮಾಡಿ ಬಡಿಸಿದೆ.

ನೀನು ಆಗಲೇ ಅಂಬೆಗಾಲು ಬಿಟ್ಟು ನಡೀತಿದ್ದೆ ಚಿನ್ನಿ. ದೇವರ ಮನೇಲಿ ನಂದೊಂದು ತಾಮ್ರದ ತಂಬಿಗೆ ಐತಲ್ಲ, ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಪೂಜೆಗೆ ಎತ್ಕಳಾದು. ಬೋರ್ ನೀರಿನ ಕಾಲದಲ್ಲಿ ಅದರೊಳಗೆ ಬಿಳೀ ಕರೆ ಕಟ್ಟೋದು, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಬೆರಳು ಸವೆಯೋದು. ಫಿಲ್ಟರ್ ಬಂದ ಮೇಲೆ ಅದೆಲ್ಲ ಮರೆತೇ ಹೋಗಿತ್ತು. ಒಂದಿನ ನೋಡ್ತೀನಿ, ತಂಬಿಗೆ ಒಳಗೆ ನೀರಿನ ಮಟ್ಟಕ್ಕೆ ಬೆಳ್ಳಗೆ ಒಂದು ಗೆರೆ. ನನ್ನ ಭಕ್ತಿ ನೋಡಿ, ಅದು ಕರೆ ಅಂತ ನನಗೆ ಹೊಳೀಲೇ ಇಲ್ಲ. ವಿಭೂತಿ ಉದುರಿರಬೇಕು, ಸ್ವಾಮಿ ಪ್ರಸಾದ ಅಂತ ಬೆರಳಲ್ಲಿ ಕೆರೆದು ಹಣೆಗೆ ಇಟ್ಕಂಡೆ. ನಗು ಮಂಜ, ನಗು, ನಗೋ ಹಂಗೇ ಐತೆ. ಎಷ್ಟೋ ದಿನ ಇಟ್ಕಂಡೆ. ಅದೇ ಹೊತ್ತಿಗೆ ನಿಮ್ಮಮ್ಮ ಒಲೆ ಮುಂದೆ ಗೊಣಗಾಕೆ ಶುರು ಮಾಡಿದ್ಲು, ತೊಗರಿಬೇಳೆ ಬೇಯ್ತಿಲ್ಲ ಅಂತ. ಅಂಗಡಿಯೋನು ಹಳೇ ಬೇಳೆ ಕೊಟ್ಟವ್ನೆ ಅಂತ ಜಗಳ ಆಡಿ ಅಂಗಡಿ ಬದಲಾಯಿಸಿದ್ಲು, ಆ ಬೇಳೇನೂ ಬೇಯಲಿಲ್ಲ. ಕುಕ್ಕರ್ ಎಷ್ಟು ಕೂಗಿದ್ರೂ ಬೇಳೆ ಮಾತ್ರ ಕಾಳು ಕಾಳು. ಗಡಸು ನೀರಲ್ಲಿ ಬೇಳೆ ಬೇಯಲ್ಲ ಅನ್ನೋದು ನನಗೆ ಗೊತ್ತಿಲ್ಲದ ಮಾತಾ? ತಂಬಿಗೆ ಎತ್ಕಂಡು ಬೆಳಕಿಗೆ ಹಿಡಿದು ನೋಡಿದೆ, ವಿಭೂತಿ ಅಲ್ಲ, ಅದೇ ಹಳೇ ಬೋರ್ ನೀರಿನ ಕರೆ.

ಓಬಳೇಶನ ಹತ್ರ ಹೋಗಿ, ಏನಪ್ಪ, ಮಿಷಿನ್ ಸರಿಯಾಗೈತಾ ಅಂತ ಕೇಳಿದೆ. ‘ಬೇಸಿಗೆ ಕಣತ್ತೆ, ನೀರು ತಳಕ್ಕೆ ಹೋಗೈತೆ, ಅದಕ್ಕೆ ಹಂಗೆ. ಆಂಜನೇಯ್ನಾಣೆಗೂ ಮಿಷಿನ್ ಚೆನ್ನಾಗೈತೆ,’ ಅಂದ. ಸ್ವಾಮಿ ಹೆಸರು ಹೇಳಿದ ಮೇಲೆ ನಾನು ಇನ್ನೇನು ಕೇಳಲಿ. ಅನುಮಾನ ಪಟ್ಟಿದ್ದಕ್ಕೆ ಮನೆಗೆ ಬಂದು ನಾನೇ ತಪ್ಪುಕಾಣಿಕೆ ಕಟ್ಟಿಟ್ಟೆ, ನೋಡು. ತಂಬಿಗೆ ಮಾತ್ರ ಬೆಳ್ಳಗಾಗ್ತಾನೇ ಹೋಯ್ತು.

ಗೌರಿ ಹಬ್ಬದಲ್ಲಿ ಅವನ ಹೆಂಡತಿ ರಮಣಮ್ಮ ಅರಿಶಿನ ಕುಂಕುಮಕ್ಕೆ ಕರೆದ್ಲು. ಮಡಕಶಿರಾ ಕಡೆ ಹೆಣ್ಣು, ಕನ್ನಡ ತೆಲುಗು ಎರಡೂ ಕಲಸಿ ಮಾತಾಡ್ತಾಳೆ, ಕಪಟ ಅರೀದೋಳು. ಕೋಸಂಬರಿ ತಿಂದು ಬಾಯಾರಿತ್ತು, ಮೂಲೇಲಿದ್ದ ಬಿಂದಿಗೆಗೆ ಲೋಟ ಹಾಕ್ದೆ. ಅವಳು ಓಡಿ ಬಂದು ನನ್ನ ಕೈ ಹಿಡ್ಕಂಡ್ಲು. ‘ಅವಿ ಚೇತುಲು ಕಡುಕ್ಕೋಡಾನಿಕಿ ಅತ್ತಾ, ತಾಗೇ ನೀಳ್ಳು ಕ್ಯಾನ್‌ಲೋ ಉನ್ನಾಯಿ,’ ಅಂದ್ಲು. ಅಂದ್ರೆ ಅದು ಕೈ ತೊಳೆಯೋ ನೀರು, ಕುಡಿಯೋ ನೀರು ಕ್ಯಾನಲ್ಲೈತೆ ಅಂತ. ಯಾವ ಕ್ಯಾನಮ್ಮ ಅಂದೆ. ಇವರು ಪಾವಗಡದಿಂದ ತರ್ತಾರಲ್ಲ, ಮಗೂಗೆ ಅದನ್ನೇ ಕೊಡು, ಫಿಲ್ಟರ್ ಮನೆ ನೀರು ಕೊಡಬೇಡ ಅಂದವ್ರೆ ಅಂದ್ಲು ಪಾಪ, ನಮ್ಮೆಲ್ಲರ ಮನೇಲೂ ಹಂಗೇ ಅಂತ ತಿಳ್ಕಂಡು. ನಾನು ಆ ಕ್ಯಾನ್ ನೀರು ಕುಡೀಲಿಲ್ಲ. ಕುಂಕುಮ ಇಡಿಸ್ಕಂಡು ಎದ್ದು ಬಂದೆ. ದಾರೀಲಿ ಇನ್ನೊಂದು ನೆನಪಾಯ್ತು. ಪ್ರತಿ ಶನಿವಾರ ಓಬಳೇಶ ಮಗನ್ನ ಎತ್ಕಂಡು ಗುಡಿಗೆ ಬರ್ತಾನೆ, ಪೂಜಾರಪ್ಪ ತೀರ್ಥ ಹಾಕಿದ್ರೆ ಅವನು ಕುಡಿಯಲ್ಲ, ಸೀದಾ ತಲೆಗೆ ಒರೆಸ್ಕಂತಾನೆ, ಉಳಿದದ್ದು ಮಗನ ತಲೆಗೆ. ಬಾಯಲ್ಲಿ ಗುಟ್ಕಾ ಇರಬೇಕು, ಅದಕ್ಕೇ ಬಾಯಿಗೆ ಹಾಕ್ಕಳಲ್ಲ, ಅಷ್ಟಾದ್ರೂ ಭಯಭಕ್ತಿ ಐತಲ್ಲ ಅಂತ ಮೆಚ್ಕಂಡಿದ್ದೆ ನಾನು.

ಮುಂದಿನ ಶನಿವಾರ ನೀರು ಹೊತ್ತು ಗುಡಿಗೆ ಹೋದೆ. ಬಿಂದಿಗೇಲಿ ಇದ್ದಿದ್ದು ಅವನ ಫಿಲ್ಟರ್ ಮನೆ ನೀರೇ. ಮಂಗಳಾರತಿ ಆಯ್ತು, ಪೂಜಾರಪ್ಪ ತೀರ್ಥ ಕೊಡ್ತಾ ಬಂದ್ರು, ನೀನು ನನ್ನ ಸೊಂಟದ ಮೇಲಿದ್ದೆ ಚಿನ್ನಿ, ಕೈ ಚಾಚಿದ್ದೆ, ನಿನ್ನ ಕೈ ಹಿಂದಕ್ಕೆ ಎಳ್ಕಂಡೆ. ಓಬಳೇಶನ ಕೈಗೆ ತೀರ್ಥ ಬಿತ್ತು. ಅವನು ಕೈ ತಲೆ ಕಡೆ ಎತ್ತಿದ.

‘ಓಬಳೇಶ, ಕುಡಿಯಪ್ಪ,’ ಅಂದೆ, ಮೆತ್ತಗೆ.

ಕೈ ಅಲ್ಲೇ ನಿಂತೋಯ್ತು.

‘ಒಂದು ಗುಟುಕು ತಾನೆ. ನೀನು ಕುಡಿದು ಮಗೂಗೂ ಕುಡಿಸು. ಸ್ವಾಮಿ ಆಣೆ ಇಟ್ಟಿದ್ಯಲ್ಲ.’

ಬೆರಳ ಸಂದೀಲಿ ತೀರ್ಥ ಸೋರಿ ನೆಲಕ್ಕೆ ಬಿತ್ತು. ಅವನು ನನ್ನ ಮುಖ ನೋಡಲಿಲ್ಲ. ‘ಒಳಗಿನ ಫಿಲ್ಟರ್ ಹೋಗಿ ಬಾಳ ದಿನ ಆಯ್ತು ಅತ್ತೆ. ಮೇಲಿನೋರಿಗೆ ಹೇಳ್ದೆ, ಬರ್ತೀವಿ ಅಂತಾರೆ, ಯಾರೂ ಬರಲಿಲ್ಲ. ಬಾಗಿಲು ಹಾಕಿದ್ರೆ ನನ್ನ ಕೆಲಸ ಹೋಗ್ತದೆ. ಬೋರ್ ನೀರಿಗೆ ಸೀದಾ ಪೈಪ್ ಕೊಟ್ಟುಬುಟ್ಟೆ,’ ಅಂದ.

‘ನಿನ್ನ ಮಗ ಕ್ಯಾನಲ್ಲಿ ಕುಡೀತಾನೆ, ನನ್ನ ಮೊಮ್ಮಗಳು?’ ಅಂದೆ. ಅಷ್ಟೇ ಕೇಳಿದ್ದು.

ಆಮೇಲೆ ಊರಿನೋರು ಬೈದ್ರು, ಬೀಗ ಹಾಕಿದ್ರು, ಪಂಚಾಯ್ತಿ ಮುಂದೆ ಖಾಲಿ ಬಿಂದಿಗೆ ಇಟ್ಕಂಡು ಕೂತ್ವಿ, ಕೊನೆಗೆ ಹೊಸ ಫಿಲ್ಟರ್ ಬಂತು. ಅವನನ್ನ ತೆಗೆದುಬುಡಿ ಅಂದ್ರು, ನಾನು ಬ್ಯಾಡ ಅಂದೆ. ಬೇರೆಯೋನು ಬಂದ್ರೆ ಅವನೂ ಏನು ಕುಡೀತಾನೋ ಯಾರಿಗೆ ಗೊತ್ತು. ದಿನಾ ಬೆಳಿಗ್ಗೆ ಬಿಂದಿಗೆ ಸಾಲಿನ ಮುಂದೆ ಮೊದಲ ಲೋಟ ಓಬಳೇಶ ಕುಡೀಬೇಕು, ಮಗೂಗೂ ಅದೇ ನೀರು ಹೋಗಬೇಕು, ಅಷ್ಟು ಆಗಲಿ ಅಂದೆ. ಕುಡೀತಾವ್ನೆ. ಈಗಲೂ ಅತ್ತೆ ಅಂತಾನೇ ಕರೀತಾನೆ, ನಾನು ಹೂಂ ಅಂತೀನಿ, ಆದ್ರೆ ಆ ಹೂಂ ಮೊದಲಿನ ಹೂಂ ಅಲ್ಲ ಕಣಮ್ಮ. ಮಜ್ಜಿಗೆ ಗಡಿಗೆ ಒಳಗಿಟ್ಟಿದ್ದೀನಿ. ನಲ್ಲಿ ನೀರು ಮೋಸ ಮಾಡ್ತು ಅಂತ ನಾನು ಯಾವತ್ತೂ ಅತ್ತಿಲ್ಲ, ಅದಕ್ಕೇನು ಗೊತ್ತು, ಭೂಮಿಯೊಳಗೆ ಇದ್ದಿದ್ದನ್ನ ಹೊತ್ಕಂಡು ಬರ್ತದೆ. ನನ್ನ ಸ್ವಾಮಿ ಅಭಿಷೇಕಕ್ಕೆ, ನಿನ್ನ ಹಾಲಿಗೆ, ಗೊತ್ತಿದ್ದೂ ಗೊತ್ತಿದ್ದೂ ಅದನ್ನೇ ತುಂಬಿಕೊಟ್ಟು ನನ್ನ ಮನೆ ಮಜ್ಜಿಗೆ ಕುಡಿದ್ನಲ್ಲ, ಅದು ಮಾತ್ರ ಮಂಡಿ ನೋವಿನಂಗೆ ಕೂತೈತೆ.

ನೀನು ಆ ನೀರು ಎಷ್ಟು ಕುಡಿದ್ಯೋ ನನಗೆ ಗೊತ್ತಿಲ್ಲ ಚಿನ್ನಿ. ಈ ಹಲ್ಲು ಬಿದ್ದು ಕೆಳಗಿಂದ ಹೊಸದು ಬಂದಾಗ್ಲೇ ಗೊತ್ತಾಗಾದು. ಅದಕ್ಕೇ ನೋಡ್ತೀನಿ ಕಣಮ್ಮ, ಬೇರೇನಿಲ್ಲ. ಹೆಂಗೇ ಬರಲಿ, ನೀನು ಬಾಯಿ ಮುಚ್ಚಿ ನಗಬ್ಯಾಡ, ಸೆರಗು ನನ್ನ ಕಾಲಕ್ಕೇ ಸಾಕು. ಇನ್ನು ಮೇಲೆ ಯಾರ ಮನೇಲಾಗಲಿ, ಎಷ್ಟೇ ಪ್ರೀತಿಯಿಂದ ನೀರು ಕೊಟ್ರೂ, ಅವರ ಮಕ್ಕಳು ಯಾವುದರಲ್ಲಿ ಕುಡೀತಾವೆ ಅಂತ ಒಂದ್ಸಲ ನೋಡಿ ಆಮೇಲೆ ಲೋಟ ಎತ್ಕ. ಏಳು ಮಂಜ, ಒಳಗೆ ತಂಬಿಗೆ ಐತೆ, ತಂದು ಈ ಬೆಳಕಿಗೆ ಹಿಡಿದು ಒಳಗೆ ಬಿಳೀ ಗೆರೆ ಐತಾ ನೋಡು, ನನ್ನ ಕಣ್ಣು ಈಗ ಅಷ್ಟು ಸರಿಯಾಗಿ ಕಾಣಲ್ಲ.