ಪೆನ್ಸಿಲ್ಲಿನಲ್ಲಿ ಬರೆದ ಹೆಸರು

...ಕೂತ್ಕೊಳ್ಳಿ ಸರೋಜಮ್ಮ, ನಿಂತೇ ಇದ್ದರೆ ಹೇಗೆ? ಮಾಣಿಗೆ ಎರಡು ಕಾಫಿ ಹೇಳಿದೀನಿ. ಆ ಹಾಳೆ ಮಡಚಿಡಿ. ನೋಡಿದೆ, ನೋಡಿದೆ. ಜಾವಳಿಯ ಎರಡೆಕರೆ ಕಾಫಿ, ಹಕ್ಕುದಾರ ಶಶಿಧರ್. ನಿಮ್ಮ ಹೆಸರಿಲ್ಲ. ಹತ್ತೊಂಬತ್ತು ವರ್ಷ ನಿಮ್ಮೂರಿನ ಗ್ರಾಮಲೆಕ್ಕಿಗ ಆಗಿದ್ದ ರೇವಣ್ಣನಿಗೆ ಪಹಣಿ ಓದೋಕೆ ಬರಲ್ವಾ?

ಅದು ಕಂಪ್ಯೂಟರ್ ಮಾಡಿದ ಕೆಲಸ. ಯಾಕೆ ಹಾಗೆ ನೋಡ್ತೀರಿ? ಕೇಳಿ ಇಲ್ಲಿ. ನಿಮ್ಮ ಯಜಮಾನ್ರು ಸಿದ್ದಬಸಪ್ಪನವ್ರು ತೀರಿಕೊಂಡ ವರ್ಷ ನಿಮ್ಮ ಮೈದುನ ಈ ಶಶಿಧರ್ ಬಂದ. ಅಣ್ಣನ ಜಾಗಕ್ಕೆ ನನ್ನ ಹೆಸರು ಬರೀರಿ ಅಂದ, ಎರಡು ಚೀಲ ಪಾರ್ಚ್‌ಮೆಂಟ್ ಕಾಫಿಬೀಜ ನಮ್ಮನೇಲಿ ಇಳಿಸಿ ಹೋದ. ತಗೊಂಡೆ. ಇಲ್ಲ ಅನ್ನಲ್ಲ. ಆದರೆ ಇಂಕಿನಲ್ಲಿ ಬರೀಲಿಲ್ಲ... ಪೆನ್ಸಿಲ್ಲಿನಲ್ಲಿ ಬರೆದೆ. ಅವನು ಬಂದಾಗ ತೋರಿಸೋಕೆ ಒಂದು ಹೆಸರು, ಅಷ್ಟೇ. ಆಮೇಲೆ ಅಳಿಸಿ ನಿಮ್ಮದು ಬರೆಯೋಣ ಅಂತಿದ್ದೆ.

ಅಷ್ಟರಲ್ಲಿ ಕಂಪ್ಯೂಟರಿಗೆ ಹಾಕಬೇಕು ಅಂತ ತಾಲೂಕು ಆಫೀಸಿನವರು ಪಹಣಿ ಪುಸ್ತಕ ಎಲ್ಲ ಜೀಪಿನಲ್ಲಿ ತುಂಬಿಕೊಂಡು ಹೋದರು. ಟೈಪ್ ಮಾಡೋ ಹುಡುಗಿಗೆ ಪೆನ್ಸಿಲ್ಲು, ಇಂಕು ಎಲ್ಲ ಒಂದೇ. ಕಂಡದ್ದು ಹೊಡೆದಳು. ಈಗ ನೋಡಿ, ತಾಲೂಕು ಆಫೀಸಿನ ಕಿಟಕೀಲಿ ಹದಿನೈದು ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರ್ತದೆ, ಯಾರ ಕೈಯೂ ಬೆಚ್ಚಗೆ ಮಾಡಬೇಕಿಲ್ಲ. ಒಳ್ಳೇದೇ. ಆದರೆ ನಾನು ಬರೆದ ಸುಳ್ಳೇ ನೀಟಾಗಿ, ಸೀಲು ಸಮೇತ ಬರ್ತದೆ. ಕೈಬರಹದ ಪುಸ್ತಕ ನಡೆಯಲ್ವಂತೆ. ಮೊದಲಾಗಿದ್ದರೆ ಒಂದು ರಬ್ಬರಿನಲ್ಲಿ ಮುಗೀತಿತ್ತು.

ಗೊತ್ತು, ಸೋಮವಾರ ಅವನು ತೋಟ ಮಾರ್ತಾನೆ. ನಾನು ಬಂದು ತಹಶೀಲ್ದಾರರ ಮುಂದೆ ಹೇಳಬೇಕು, ಅಲ್ವಾ? ನನ್ನ ಪಿಂಚಣಿ ಏನಾಗ್ತದೆ ಯೋಚನೆ ಮಾಡಿ. ಮಿಷನ್ನಿನ ತಪ್ಪಿಗೆ ನಾನ್ಯಾಕೆ...

ಏನಾದ್ರೂ ಅನ್ನಿ. ಬೈದಾದ್ರೂ ಬೈಯಿರಿ. ಆ ಹಾಳೆ ಮತ್ತೆ ಬಿಚ್ಚಿ ನನ್ನ ಮುಂದೆ ಸರಿಸಬೇಡಿ, ನನಗೆ ತಡಿಯಕ್ಕಾಗಲ್ಲ.

ಗೊತ್ತಾಗಿದೆ ನಿಮಗೆ. ಅಲ್ವಾ? ಯಾರು ಹೇಳಿದ್ರು... ಹೋಗಲಿ. ಹೌದು, ಟೈಪ್ ಆದ ಮೇಲೆ ಹಾಳೆ ನನ್ನ ಕೈಗೇ ಬಂದಿತ್ತು. ತಾಳೆ ನೋಡಿ, ಸರಿ ಇದ್ದರೆ ಸಹಿ ಮಾಡಿ ಅಂತ. ನೋಡಿದೆ. ನಿಮ್ಮ ಹೆಸರಿಲ್ಲ ಅನ್ನೋದನ್ನ ನೋಡಿಯೇ ಸಹಿ ಮಾಡಿದೆ. ಅವನಿಗೋಸ್ಕರ ಅಲ್ಲ ಸರೋಜಮ್ಮ. ತಪ್ಪು ಇದ್ದರೆ ತಾನೆ ನೀವು ಬರೋದು? ತಿದ್ದಿಸಿಕೊಳ್ಳೋಕೆ ನೀವೂ ಏನಾದ್ರೂ ತರ್ತೀರಿ ಅಂತ... ಹಾಗೇ ಬದುಕಿದವನು ನಾನು. ಒಂದು ಸಲ ಕಂಪ್ಯೂಟರಿನ ಒಳಗೆ ಹೋದದ್ದು ನನ್ನ ಕೈಗೆ ಮತ್ತೆ ಸಿಗೋದಿಲ್ಲ ಅಂತ ಗೊತ್ತಿರಲಿಲ್ಲ. ಗೊತ್ತಿದ್ದರೆ ಖಂಡಿತ...

ಎದ್ರಾ? ಕಾಫಿ ಮುಟ್ಟೇ ಇಲ್ಲ ನೀವು. ಬರ್ತೀನಿ ತಾಳಿ, ತಹಶೀಲ್ದಾರರ ಹತ್ರ ಬರ್ತೀನಿ, ಇವತ್ತೇ ಹೇಳ್ತೀನಿ... ಸರೋಜಮ್ಮ?

ಏನಪ್ಪ ಮಾಣಿ, ಕಾಫಿ ದುಡ್ಡು ಯಾಕೆ ವಾಪಸ್ ಕೊಡ್ತಿದೀಯ? ...ನನ್ನ ಕಾಫಿದೂ ಕೊಟ್ಟು ಹೋದ್ರಾ ಅವರು?