ಬಾಣಂತಿಯರ ಹಾಲಿನ ಸರ್ವೆ

೧೯೫೮ರಲ್ಲಿ, ಬನ್ನಿಮಂಟಪದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಒಬ್ಬ ವಯಸ್ಸಾದ ಸೂಲಗಿತ್ತಿಯೂ ಸರ್ವೆ ಕಾಗದ ಹಿಡಿದ ಹುಡುಗಿಯೊಬ್ಬಳೂ ಕುಳಿತಿದ್ದರು.

"ಬಾಣಂತೀರಿಗೆ ಹಂಚಿದ ಹಾಲಿನ ಪುಡಿ ಅವರೇ ಕುಡೀತಾರೆ ಅಂತ ನಲವತ್ತು ಮನೇಲೂ ಬರ್ಕೊಂಡೆ, ಮಂಗಳಮ್ಮೋರೆ."

"ಹೇಳ್ದೋರು ಯಾರು?"

"ಅತ್ತೇರು. ಬಾಣಂತಿ ಕೋಣೇಲಿರ್ತಾಳಲ್ಲ. ನನ್ನ ಜಗಲೀಲಿ ಕೂರ್ಸಿ ಗಟ್ಟಿ ಹಾಲಿನ ಕಾಫಿ ಕೊಡೋರು."

"ಹಸು ಇಲ್ದಿರೋ ಮನೇಲಿ ಹಾಲೆಲ್ಲಿಂದ ಬಂತಮ್ಮ?"

"ಅದು ಇವತ್ತು ಹೊಳೀತು. ಆ ಪುಡಿ ಹಾಲೇ ನನ್ನ ಕಾಫಿಗೆ ಬಂದಿದ್ದು. ಈ ಸರ್ವೇಲಿ ತೂಕ ಏರಿರೋದು ನಂದೊಂದೇ. ಬಿ.ಎ. ಓದಿರೋ ಬೆಕ್ಕು ನಾನು!"

ಮಂಗಳಮ್ಮ ನಕ್ಕರು. ಹುಡುಗಿಯ ಕಣ್ಣು ತುಂಬಿದ್ದು ಕಂಡು ಅವಳ ಬೆನ್ನು ಸವರಿದರು.

"ಮನೆಗೆ ಬಂದೋರ್ಗೆ ಇದ್ದಿದ್ರಲ್ಲಿ ಒಳ್ಳೇದು ಕೊಟ್ಟವ್ರೆ, ಪಾಪ. ವರದಿ ಯಾವಾಗ ಕೊಡ್ಬೇಕು?"

"ನಾಳೆ. ಸುಳ್ಳು ಕೊಡೋಕೆ ಮನಸ್ಸಿಲ್ಲ. ಬಾಣಂತಿ ಪುಟ್ಟತಾಯಮ್ಮನ ಮಗೂನ ಜಗಲಿಗೆ ತಂದು ತೋರ್ಸಿದ್ರು, ಎಷ್ಟು ಸೊರಗಿದೆ ಗೊತ್ತಾ? ಮೊದ್ಲು ಅಲ್ಲಿಗೇ ವಾಪಸ್ ಹೋಗ್ತೀನಿ."

"ಮತ್ತೆ ಕಾಫಿ ಕೊಡ್ತಾರೆ ಕಣಮ್ಮ."

"ಕಾಫಿ ಬೇಡ, ಹಾಲು ಕಾಯ್ಸಿಕೊಡಿ ಅಂತೀನಿ. ಲೋಟ ನಾನೇ ಕೋಣೆಗೆ ಒಯ್ದು, ಅವಳು ಕುಡಿದ್ಮೇಲೆ ಬರ್ಕೋತೀನಿ."

"ಬಾಣಂತಿ ಕೋಣೆಗೆ ಹೊರಗಿನೋರ್ನ ಬುಡಾಕಿಲ್ಲ. ಹೆರಿಗೆ ಮಾಡ್ಸಿದೋಳು ನಾನು, ನನ್ನ ಬುಡ್ತಾರೆ. ನಡಿ, ನಾನೂ ಬತ್ತೀನಿ."

ಅಷ್ಟರಲ್ಲಿ ಬಸ್ಸು ಬಂತು. ಹತ್ತಿದವಳು ನಾನೊಬ್ಬಳೇ. ಅವರಿಬ್ಬರೂ ಬಂದ ದಾರಿಯಲ್ಲೇ ಹಿಂದಿರುಗಿದರು.